ಮನೆ ಹಿಂದಿನ ಬಾರ್ ರಾತ್ರಿ 1 ಗಂಟೆವರೆಗೂ ಮಲಗೋಕೆ ಬಿಡುತ್ತಿಲ್ಲ. ದೂರು ಕೊಟ್ಟರೂ ಏನೂ ಆಗುತ್ತಿಲ್ಲ, ಏನು ಮಾಡಲಿ?

ಬೆಳಗಿನ ಪಾಳಿ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿ, 4.30ಕ್ಕೆ ಏಳಬೇಕು. ನಮ್ಮದು ಮೊದಲನೇ ಮಹಡಿ. ಮಲಗುವ ಕೋಣೆಯ ಕಿಟಕಿ ಹಿಂದಿನ ಓಣಿ ಕಡೆಗಿದೆ. ಓಣಿ ದಾಟಿದರೆ ಬಾರಿನ ಹಿಂಬಾಗಿಲು. ನಡುವೆ ಹನ್ನೆರಡು ಹೆಜ್ಜೆ ಅಷ್ಟೇ.

ಬಾರ್ ಹೊಸದಲ್ಲ. ನಾವು ಬರುವ ಮೊದಲೇ ಇತ್ತು. ಆರು ವರ್ಷ ಒಂದು ದಿನವೂ ತಕರಾರು ಆಗಿರಲಿಲ್ಲ. ಎಂಟು ತಿಂಗಳ ಹಿಂದೆ ಬೇರೆಯವರು ತೆಗೆದುಕೊಂಡರು. ದೊಡ್ಡ ಸ್ಪೀಕರ್ ಬಂತು, ವಾರಕ್ಕೆ ನಾಲ್ಕೈದು ರಾತ್ರಿ ಡಿಜೆ ಬಂದ. 11 ಗಂಟೆಗೆ ಸಂಗೀತ ನಿಲ್ಲಿಸಬೇಕು ಅಂತ ಅವರ ಲೈಸೆನ್ಸಿನಲ್ಲೇ ಇದೆ. ಮುಂಬಾಗಿಲ ಪಕ್ಕ ಅಂಟಿಸಿದ್ದಾರೆ, ನಿಂತು ಓದಿದ್ದೇನೆ. ನಿಲ್ಲುವುದು 12.30, ಕೆಲವೊಮ್ಮೆ 1.

ಹಾಡು ಕೇಳಿಸುವುದಿಲ್ಲ, ಧಮ್ ಧಮ್ ಅನ್ನುವುದಷ್ಟೇ ಬರುತ್ತದೆ. ಕಿಟಕಿ ಗಾಜು ಚೌಕಟ್ಟಿನಲ್ಲಿ ಗಿರ್ ಅಂತ ಅದುರುತ್ತಿತ್ತು. ಹಳೇ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಸಂದಿಗೆ ತುರುಕಿದೆ. ಗಾಜಿನ ಸದ್ದು ಕಡಿಮೆಯಾಯಿತು, ಆದರೆ ದಿಂಬಿಗೆ ಕಿವಿ ಒತ್ತಿದರೆ ಮಂಚದ ಮರದಲ್ಲೇ ಅದು ಬಡಿಯುತ್ತಿರುತ್ತದೆ. ಕೊನೆಗೆ ಎಲ್ಲ ನಿಂತು ಕಣ್ಣು ಹತ್ತುವ ಹೊತ್ತಿಗೆ, 1.15ರ ಸುಮಾರಿಗೆ, ಖಾಲಿ ಬಾಟಲಿಗಳನ್ನು ಓಣಿಯಲ್ಲಿರುವ ಡ್ರಮ್ಮಿಗೆ ಸುರಿಯುತ್ತಾರೆ. ಒಂದೊಂದಾಗಿ ಅಲ್ಲ, ಇಡೀ ಕ್ರೇಟನ್ನೇ ಮಗುಚುತ್ತಾರೆ.

ಕಳೆದ ವಾರ ಔಷಧಿಯ ಲೇಬಲ್ಲನ್ನು ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಜೊತೆಯವಳನ್ನು ಕರೆದು ಓದಿಸಿದೆ. ಅವತ್ತೇ ನನಗೆ ಭಯವಾಯಿತು.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದರೆ "ಆಯ್ತು ಮೇಡಂ" ಅಂತಾರೆ, ಹತ್ತು ನಿಮಿಷ ಕಮ್ಮಿ ಮಾಡುತ್ತಾರೆ. ಪೊಲೀಸರಿಗೆ ಮೂರು ಸಲ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಎಲ್ಲ ತಣ್ಣಗಿರುತ್ತದೆ. ಲೈಸೆನ್ಸ್ ಕೊಡುವ ಕಚೇರಿಗೆ "ತುಂಬಾ ಗಲಾಟೆ, ನಿದ್ದೆ ಇಲ್ಲ, ದಯವಿಟ್ಟು ಕ್ರಮ ತೆಗೆದುಕೊಳ್ಳಿ" ಅಂತ ಪತ್ರ ಬರೆದೆ. ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು, ಮುಂದೇನೂ ಇಲ್ಲ. ಫೋನಿನ ಆಪ್‌ನಲ್ಲಿ ಅಳೆದರೆ 38 ಡೆಸಿಬೆಲ್ ತೋರಿಸುತ್ತದೆ. ಅಷ್ಟಕ್ಕೆಲ್ಲ ಯಾರು ದೂರು ಕೊಡುತ್ತಾರೆ ಅಂತಾರೆ ನಮ್ಮ ಮನೆಯವರು.

ಬಾರ್ ಮುಚ್ಚಿಸುವ ಆಸೆ ನನಗಿಲ್ಲ. ಅಲ್ಲೂ ಹತ್ತಾರು ಜನರ ಹೊಟ್ಟೆಪಾಡು ಇದೆ. ಅವರ ಲೈಸೆನ್ಸಿನಲ್ಲಿ ಇರುವುದನ್ನು ಅವರು ಪಾಲಿಸಲಿ, ಅಷ್ಟು ಸಾಕು.

ಹಾದಿಹೋಕ:

ಬಾರ್ ಮೊದಲೇ ಇತ್ತು ಅಂತ ನೀವೇ ಹೇಳಿದ್ದೀರಿ. ಸುಮ್ನೆ ಒದ್ದಾಡುವ ಬದಲು ಮನೆ ಬದಲಾಯಿಸುವುದು ಒಳ್ಳೆಯದು ಅಲ್ವಾ?

ನಿವೃತ್ತ ಗುಮಾಸ್ತ:

ಮೊದಲೇ ಇದ್ದದ್ದು ಬಾರ್. ಈ ಸ್ಪೀಕರ್ ಅಲ್ಲ, 11 ಗಂಟೆ ಮೀರಿದ ಡಿಜೆ ಅಲ್ಲ. ಎಷ್ಟೇ ಹಳೆಯ ಅಂಗಡಿಯಾದರೂ ಲೈಸೆನ್ಸಿನ ಷರತ್ತು ಷರತ್ತೇ.

ಮೇಡಂ, ನಾನು ಲೈಸೆನ್ಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಇಂಥ ಪತ್ರಗಳನ್ನೇ ಓದಿದವನು. ನಿಮ್ಮ ಪತ್ರ ಯಾಕೆ ಅಲ್ಲೇ ಕೂತಿದೆ ಅಂತ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. "ತುಂಬಾ ಗಲಾಟೆ" ಅನ್ನುವುದರ ಮೇಲೆ ಅಧಿಕಾರಿ ಏನೂ ಬರೆಯೋಕಾಗಲ್ಲ. ಎಷ್ಟು ಗಲಾಟೆ, ಯಾವಾಗ, ಯಾವ ಷರತ್ತು ಮುರಿದಿದೆ? ಆಸ್ಪತ್ರೆ ಚಾರ್ಟಿನಲ್ಲಿ ನೀವು "ರೋಗಿಗೆ ತುಂಬಾ ಜ್ವರ" ಅಂತ ಬರೆಯಲ್ಲ, ಹೊತ್ತು ಹಾಕಿ ಎಷ್ಟು ಡಿಗ್ರಿ ಅಂತ ಬರೆಯುತ್ತೀರಿ. ಇಲ್ಲೂ ಹಾಗೇ ಬರೆಯಿರಿ.

ಮೊದಲು ಲೈಸೆನ್ಸಿನ ಪೂರ್ತಿ ನಕಲು ಕೇಳಿ ಪಡೆಯಿರಿ. ಗೋಡೆಗೆ ಅಂಟಿಸುವುದು ಹೆಚ್ಚಾಗಿ ಮೊದಲ ಪುಟ ಮಾತ್ರ. ಷರತ್ತುಗಳು ಹಿಂದಿನ ಪುಟಗಳಲ್ಲಿ ಇರುತ್ತವೆ: ಸಂಗೀತದ ವೇಳೆ, ಬಾಗಿಲು ಮುಚ್ಚಿರಬೇಕೋ ಇಲ್ಲವೋ, ಹೊರಗೆ ಎಷ್ಟು ಹೊತ್ತಿನವರೆಗೆ ಜನ ಕೂರಬಹುದು, ಕಸ ಮತ್ತು ಬಾಟಲಿ ಯಾವಾಗ ಸಾಗಿಸಬೇಕು. ಒಂದೊಂದನ್ನು ಮುರಿದಾಗಲೂ ಅದು ಬೇರೆಯದೇ ತಪ್ಪು. ಸದ್ದನ್ನು ಸಾಬೀತು ಮಾಡುವುದು ಕಷ್ಟ. 11.40ಕ್ಕೆ ಡಿಜೆ ನಡೆಯುತ್ತಿತ್ತು ಅನ್ನುವುದು ಸುಲಭ.

ಮೂರು ವಾರ ದಿನಚರಿ ಇಡಿ. ಶಾಂತವಾಗಿದ್ದ ರಾತ್ರಿಗಳನ್ನೂ ಬರೆಯಿರಿ, ಅವು ಇದ್ದರೇ ಉಳಿದವನ್ನು ನಂಬುತ್ತಾರೆ. ಪೊಲೀಸರಿಗೆ ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಲೈಸೆನ್ಸ್ ನವೀಕರಣ ಯಾವಾಗ ಅಂತ ವಿಚಾರಿಸಿ, ಅದಕ್ಕೆ ಮೊದಲೇ ಆಕ್ಷೇಪಣೆ ಕೊಡಿ. ಆ ಹೊತ್ತಿನಲ್ಲಿ ಮಾಲೀಕರೂ ಕಿವಿಗೊಡುತ್ತಾರೆ.

ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ. ಆದರೆ ನಲವತ್ತು ಸಹಿಯ ಒಂದು ಅರ್ಜಿ ಬೇಡ. ಮೂರೇ ಮನೆಯವರು ತಮ್ಮ ತಮ್ಮ ಕಿಟಕಿಯಿಂದ ಕಂಡದ್ದನ್ನು ಬೇರೆ ಬೇರೆ ಬರೆದರೆ ನನ್ನ ಮೇಜಿನ ಮೇಲೆ ಅದಕ್ಕೇ ಜಾಸ್ತಿ ಬೆಲೆ ಇತ್ತು.

ಸೌಂಡ್ ಕೆಲಸದವನು:

ಅಕ್ಕ, 38 ಅಂದರೆ ಕಮ್ಮಿ ಅಲ್ಲ. ಮಲಗುವ ಕೋಣೆಯೊಳಗೆ ಒಂದೇ ಸಮನೆ ಬರುವ ಸದ್ದು 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲೇ ಹೇಳಿದೆ. ಥಟ್ಟನೆ ಬರುವ ಸದ್ದಿಗೆ, ಅಂದರೆ ನಿಮ್ಮ ಬಾಟಲಿಯಂಥದ್ದಕ್ಕೆ, 45. ಡೆಸಿಬೆಲ್ ಲೆಕ್ಕ ಮಾಮೂಲಿ ಕೂಡುವ ಲೆಕ್ಕವಲ್ಲ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸುತ್ತದೆ.

ಇನ್ನೊಂದು ಮುಖ್ಯ ವಿಷಯ. ಆಪ್‌ಗಳು ಸಾಮಾನ್ಯವಾಗಿ "ಎ" ಅನ್ನುವ ಅಳತೆಯಲ್ಲಿ ತೋರಿಸುತ್ತವೆ. ಅದು ನಮ್ಮ ಕಿವಿಗೆ ತಕ್ಕಂತೆ ಬೇಸ್ ಅನ್ನು, ಅಂದರೆ ಧಮ್ ಧಮ್ ಅನ್ನುವ ತಗ್ಗು ಸ್ವರದ ಸದ್ದನ್ನು, ಕಡಿಮೆ ಲೆಕ್ಕ ಹಿಡಿಯುತ್ತದೆ. 63 ಹರ್ಟ್ಸ್‌ನ ಬೇಸ್ ಆದರೆ ಸುಮಾರು 26 ಡೆಸಿಬೆಲ್ ಕಳೆದೇ ತೋರಿಸುತ್ತದೆ. "ಸಿ" ಅಳತೆಯಲ್ಲಿ ಒಂದು ಡೆಸಿಬೆಲ್ ಕೂಡ ಪೂರ್ತಿ ಕಳೆಯುವುದಿಲ್ಲ. ನಿಮ್ಮ ಮಂಚ ಬಡಿಯುವುದು ಆ ಬೇಸ್‌ನಿಂದಲೇ. ಅಧಿಕಾರಿಗಳು ಅಳೆಯಲು ಬಂದರೆ ಎ, ಸಿ ಎರಡರಲ್ಲೂ ಅಳೆಯಲು ಕೇಳಿ. ಮಲಗುವ ಕೋಣೆಯೊಳಗೇ ಅಳೆಯಲಿ. ಫೋನಿನ ಅಂಕಿಯನ್ನು ಸಾಕ್ಷಿ ಅಂತ ಕೊಡಬೇಡಿ, ಅದರ ಮೈಕು ಅದಕ್ಕಾಗಿ ಮಾಡಿದ್ದಲ್ಲ.

50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಗೋಡೆಗೆ ಅಂಟಿಸುವ ತೆಳ್ಳನೆ ಫೋಮ್ ಅದನ್ನು ಏನೂ ಮಾಡಲ್ಲ, ಅವರು "ಫೋಮ್ ಹಾಕಿಸಿದ್ದೇವೆ" ಅಂದರೆ ಒಪ್ಪಬೇಡಿ. ಕೆಲಸಕ್ಕೆ ಬರುವುದು ಬೇರೆ. ಹಿಂಬಾಗಿಲು ಮುಚ್ಚಬೇಕು. ಬೇಸ್ ಸ್ಪೀಕರನ್ನು ಮೂಲೆಯಿಂದ ಈಚೆಗೆ ತರಬೇಕು, ಯಾಕೆಂದರೆ ಮೂಲೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದರ ಕೆಳಗೆ ದಪ್ಪ ರಬ್ಬರ್ ಕೊಡಬೇಕು. ಆಮೇಲೆ ಲಿಮಿಟರ್, ಅಂದರೆ ಸದ್ದು ಒಂದು ಮಟ್ಟ ದಾಟದಂತೆ ತಡೆಯುವ ಸಾಧನ, ಹಾಕಿ ಅದಕ್ಕೆ ಬೀಗ ಹಾಕಬೇಕು. ಬೀಗ ಇಲ್ಲದಿದ್ದರೆ ಡಿಜೆ ತಿರುಗಿಸಿಯೇ ತಿರುಗಿಸುತ್ತಾನೆ. ನಾನು ಡಿಜೆಗಳ ಜೊತೆ ಕೆಲಸ ಮಾಡುವವನು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಹಳೇ ಸಪ್ಲೈಯರ್:

ನಾನು ಬಾರಿನಲ್ಲಿ ಒಂಬತ್ತು ವರ್ಷ ಇದ್ದೆ. ಹಿಂಬಾಗಿಲು ತೆರೆದಿಡುವುದು ಹೆಚ್ಚಾಗಿ ಅಡುಗೆಮನೆಯ ಸೆಕೆಗೆ. ಎಕ್ಸಾಸ್ಟ್ ಫ್ಯಾನ್ ಕೆಟ್ಟಿರುತ್ತದೆ, ಯಾರೂ ರಿಪೇರಿ ಮಾಡಿಸಿರಲ್ಲ. ಅದನ್ನು ನೋಡಿ. ಬಾಟಲಿ ಬೆಳಿಗ್ಗೆ ಸುರಿದರೆ ಯಾರಿಗೂ ನಷ್ಟವಿಲ್ಲ, ಮಾಲೀಕ ಒಂದು ಮಾತು ಹೇಳಿದರೆ ಮುಗಿಯಿತು. ಮ್ಯಾನೇಜರ್ ಬೇಡ, ಮಾಲೀಕರನ್ನೇ ನೋಡಿ. ಮಧ್ಯಾಹ್ನ 3ರ ಹೊತ್ತಿಗೆ ಹೋಗಿ, ಆಗ ಖಾಲಿ ಇರುತ್ತದೆ. ರಾತ್ರಿ ಕುಡಿದವರ ನಡುವೆ ಒಬ್ಬರೇ ಹೋಗಿ ಮಾತಾಡಬೇಡಿ ಅಕ್ಕ.

ಬೆಳಗಿನ ಪಾಳಿ:

ಐದು ವಾರ ಆಯಿತು. ಹೇಳಿದ ಹಾಗೆಯೇ ಮಾಡಿದೆ, ಏನಾಯಿತು ಅಂತ ತಿಳಿಸಲು ಬಂದೆ.

24 ರಾತ್ರಿ ಚಾರ್ಟ್ ಬರೆದೆ. 15 ರಾತ್ರಿ ಸಂಗೀತ ಇತ್ತು, ಅದರಲ್ಲಿ 13 ರಾತ್ರಿ 11 ದಾಟಿತ್ತು. 10 ರಾತ್ರಿ ಹಿಂಬಾಗಿಲು ತೆರೆದಿತ್ತು, ಮುಚ್ಚದಂತೆ ಕ್ರೇಟ್ ಅಡ್ಡ ಕೊಟ್ಟು ನಿಲ್ಲಿಸಿದ್ದರು. ಬರೆಯುತ್ತಾ ಹೋದ ಮೇಲೆ ನನಗೇ ಗೊತ್ತಾಯಿತು, ಬಾಗಿಲು ಮುಚ್ಚಿದ್ದ ರಾತ್ರಿ ಗಾಜು ಅದುರುತ್ತಲೇ ಇರಲಿಲ್ಲ. ಲೈಸೆನ್ಸಿನ ಮೂರನೇ ಪುಟದಲ್ಲಿ ಬಾಗಿಲು ಮುಚ್ಚಿರಬೇಕು ಅಂತಲೂ ಇದೆ.

ಮಾಲೀಕರನ್ನು 3 ಗಂಟೆಗೆ ನೋಡಿದೆ. "ನಮ್ಮ ಸದ್ದು ಅಷ್ಟು ದೂರ ಬರಲ್ಲ" ಅಂದರು. ಶುಕ್ರವಾರ ರಾತ್ರಿ ನಮ್ಮ ಮನೆಗೇ ಬನ್ನಿ ಅಂತ ಕರೆದೆ. ಬರುತ್ತಾರೆ ಅಂದುಕೊಂಡಿರಲಿಲ್ಲ. 11.40ಕ್ಕೆ ಬಂದರು. ನನ್ನ ಯಜಮಾನರು ಕೋಣೆಯ ದೀಪ ಆರಿಸಿದರು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮಂಚದ ತಲೆದೆಸೆಯ ಹಲಗೆ ಮೇಲೆ ಅಂಗೈ ಇಟ್ಟು ನೋಡಿದರು. ಏನೂ ಹೇಳದೆ ಫೋನ್ ತೆಗೆದು ಯಾರಿಗೋ "ಬಾಗಿಲು ಹಾಕು" ಅಂದರು.

ಬಾಟಲಿ ಈಗ ಬೆಳಿಗ್ಗೆ 9ಕ್ಕೆ. ಫ್ಯಾನ್ ರಿಪೇರಿ ಆಯಿತು, ಬಾಗಿಲು ಮುಚ್ಚಿರುತ್ತದೆ. ಸಪ್ಲೈಯರ್ ಅಣ್ಣ, ನೀವು ಹೇಳಿದ್ದು ನಿಜ, ಅದು ಕೆಟ್ಟು ವರ್ಷವಾಗಿತ್ತಂತೆ. ಆದರೆ ಡಿಜೆ ಇದ್ದ ರಾತ್ರಿ ಸಂಗೀತ ಈಗಲೂ 11.45ರವರೆಗೆ ಎಳೆಯುತ್ತದೆ. ಲಿಮಿಟರ್ ಮಾತೆತ್ತಿದರೆ ಜಾರಿಕೊಳ್ಳುತ್ತಾರೆ. ಅದಕ್ಕೇ ಚಾರ್ಟಿನ ಜೊತೆ ದೂರು ಕೊಟ್ಟೆ, ಮೇಲಿನ ಮನೆಯವರೂ ಬೇರೆಯಾಗಿ ಕೊಟ್ಟರು. ಅಳೆಯಲು ಬರುತ್ತೇವೆ ಅಂತ ಈ ಸಲ ದಿನಾಂಕ ಕೊಟ್ಟಿದ್ದಾರೆ. ಆದರೆ ಬರುವುದು ಬೆಳಿಗ್ಗೆ 11ಕ್ಕಂತೆ! ಸರ್, ರಾತ್ರಿಯೇ ಬರಬೇಕು ಅಂತ ಹೇಗೆ ಬರೆಯಲಿ?

ನಿವೃತ್ತ ಗುಮಾಸ್ತ:

ಕಾಗದದಲ್ಲಿ ಬೇರೇನೂ ಬೇಡ ಮೇಡಂ. "ದೂರಿನಲ್ಲಿರುವ 13 ಘಟನೆಗಳೂ ರಾತ್ರಿ 11ರಿಂದ 1ರ ನಡುವಿನವು, ಆ ಹೊತ್ತಿನಲ್ಲೇ ಅಳತೆ ಮಾಡಬೇಕೆಂದು ಕೋರುತ್ತೇನೆ" ಅಂತ ಬರೆದು, ಡಿಜೆ ಬರುವ ಮುಂದಿನ ಮೂರು ದಿನಾಂಕ ಕೆಳಗೆ ಹಾಕಿ. ಪತ್ರವನ್ನು ಕೈಯಲ್ಲೇ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.