ಸಹಾಯ ಬೇಕು: ಆಂಪಿಸಿಲಿನ್ ಝೋನ್ ಯಾಕೆ ಚಿಕ್ಕದಾಗುತ್ತಿದೆ?

ಎಲ್ಲರಿಗೂ ನಮಸ್ಕಾರ್ರಿ. ನಾನು ಜಮಖಂಡಿಯ ಒಂದು ಚಿಕ್ಕ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮೂತ್ರದ ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಅಂತ ಡಿಸ್ಕ್ (ಔಷಧಿ ಹಾಕಿದ ಕಾಗದದ ಬಿಲ್ಲೆ) ಇಟ್ಟು ನೋಡುತ್ತೇನೆ. ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ವೃತ್ತವೇ ಝೋನ್.

ನಾಲ್ಕು ದಿನದಿಂದ ಒಂದು ತೊಂದರೆ. ಕಂಟ್ರೋಲ್‌ಗೆ, ಅಂದರೆ ಪರೀಕ್ಷೆ ಸರಿ ಇದೆಯಾ ಅಂತ ನೋಡಲು, ಇಡುವ ಗೊತ್ತಿರುವ ಬ್ಯಾಕ್ಟೀರಿಯಾ ತಳಿ ಇ. ಕೋಲಿ ಎಟಿಸಿಸಿ 25922ಕ್ಕೆ ಜೆಂಟಾಮೈಸಿನ್ ಝೋನ್ 22 ಮಿ.ಮೀ. ಬರುತ್ತಿದೆ. 19ರಿಂದ 26ರೊಳಗೆ ಇರಬೇಕು, ಅದು ಸರಿ. ಆದರೆ 10 ಮೈಕ್ರೋಗ್ರಾಂ ಆಂಪಿಸಿಲಿನ್ ಡಿಸ್ಕ್ ಸುತ್ತ ಬರೀ 12 ಮಿ.ಮೀ. ತೀರಾ ಕಡಿಮೆ ಅಲ್ವಾ?

ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್ ಹಿಂಟನ್ ಅಗಾರ್ 4 ಮಿ.ಮೀ. ದಪ್ಪ ಇದೆ. ಬ್ಯಾಕ್ಟೀರಿಯಾ ದ್ರಾವಣವನ್ನು 0.5 ಮ್ಯಾಕ್‌ಫರ್ಲೆಂಡ್‌ಗೆ (ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) ಹೊಂದಿಸಿ 15 ನಿಮಿಷದೊಳಗೆ ಹಚ್ಚಿದ್ದೇನೆ. 35 ಡಿಗ್ರಿ, 18 ತಾಸು. ಇದರಲ್ಲಿ ತಪ್ಪಿದ್ದರೆ ಜೆಂಟಾಮೈಸಿನ್ ಕೂಡ ಕೆಡಬೇಕಿತ್ತು.

ನನ್ನ ಅನುಮಾನ ಡಿಸ್ಕ್ ಮೇಲೆ. ಹೋದ ವಾರ ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಫ್ರಿಜ್ ಬೆಚ್ಚಗಾಗಿತ್ತು. ಆಂಪಿಸಿಲಿನ್‌ಗೆ ಬಿಸಿ, ಪಸೆ ತಾಗಿದರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಡಿಸ್ಕ್ ಇರುವ ವಯಲ್ (ಚಿಕ್ಕ ಬಾಟಲಿ) ತೆರೆಯುವ ರೂಢಿಯೂ ನಮ್ಮಲ್ಲಿತ್ತು. ಒಳಗೆ ನೀರು ಕಟ್ಟಿರಬಹುದು.

ಸದ್ಯ ಆಂಪಿಸಿಲಿನ್ ರಿಪೋರ್ಟ್ ತಡೆದಿದ್ದೇನೆ. ಕೆಲಸ ಮಾಡುವ ಔಷಧಿಯನ್ನು ನಾಟುವುದಿಲ್ಲ ಅಂತ ಬರೆದು, ಹಳ್ಳಿಯಿಂದ ಬಂದ ಹೆಣ್ಣುಮಗಳಿಗೆ ಸುಮ್ನೆ ದುಬಾರಿ ಇಂಜೆಕ್ಷನ್ ಬೀಳಬಾರದು.

ಬಾಗಲಕೋಟೆ, ವಿಜಯಪುರ ಕಡೆಯವರ ಹತ್ತಿರ ಇನ್ನೂ ತೆರೆಯದ ಆಂಪಿಸಿಲಿನ್ ಡಿಸ್ಕ್ ವಯಲ್ ಇದ್ದರೆ ಒಂದನ್ನು ಕೊಡುತ್ತೀರಾ? ದುಡ್ಡು ಕೊಟ್ಟು ನಾನೇ ಬಂದು ಒಯ್ಯುತ್ತೇನೆ, ಐಸ್ ಡಬ್ಬಿ ಇದೆ. ಕರೆಂಟ್ ಹೋದಾಗ ಡಿಸ್ಕ್ ಹೇಗೆ ಕಾಪಾಡುತ್ತೀರಿ ಅಂತಲೂ ಹೇಳಿ.