ಶುಗರ್ 92, ಅಜ್ಜ ತಿಂಡಿ ತಿಂದಿಲ್ಲ, ಆರ್ಡರ್‌ನಲ್ಲಿ ಇನ್ಸುಲಿನ್ 10 ಯೂನಿಟ್: ಹಾಕದೇ ಇದ್ದಿದ್ದು ತಪ್ಪಾ?

ಥರ್ಡ್‌ಇಯರ್_ಹಾಸನ:
ಎಲ್ರಿಗೂ ನಮಸ್ತೆ, ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ ಓದ್ತಿದೀನಿ, ಈಗ ಮೆಡಿಸಿನ್ ವಾರ್ಡ್ ಪೋಸ್ಟಿಂಗ್. ನನಗೆ ಕೊಟ್ಟಿರೋ ಬೆಡ್‌ನಲ್ಲಿ ಒಬ್ರು ಅಜ್ಜ ಇದಾರೆ, ಟೈಪ್ 2 ಶುಗರ್, ಕ್ರಿಯಾಟಿನಿನ್ ಕೂಡ ಜಾಸ್ತಿ, ಅಂದ್ರೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ಲ. ತಿಂಡಿಗೆ ಮುಂಚೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಅಂತ ಕೇಸ್ ಶೀಟಲ್ಲಿ ಬರೆದಿತ್ತು. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ನೋಡಿದ್ರೆ 92 ಬಂತು, ಅಜ್ಜಂಗೆ ಬೆಳಿಗ್ಗೆಯಿಂದ ವಾಕರಿಕೆ, ರಾತ್ರಿನೂ ಎರಡು ತುತ್ತು ತಿಂದು ಬಿಟ್ಟಿದ್ರಂತೆ, ಇಡ್ಲಿ ಬೇಡ್ವೇ ಬೇಡ ಅಂದ್ರು. ಸಿಸ್ಟರ್‌ಗೆ ಹೇಳಿದೆ, ಅವ್ರು 92 ನಾರ್ಮಲ್ಲೇ ಅಲ್ವೇನಮ್ಮ ಆರ್ಡರ್ ಇದೆ ಹಾಕು ಅಂದ್ರು. ನಾನು ಡ್ಯೂಟಿ ಡಾಕ್ಟರ್‌ನ ಒಂದ್ಸಲ ಕೇಳ್ತೀನಿ ಸಿಸ್ಟರ್ ಅಂದಿದ್ದಕ್ಕೆ ಎಲ್ರ ಮುಂದೆ ಬೈದ್ರು, ಸ್ಟೂಡೆಂಟ್ ಆಗಿ ಡಿಸಿಷನ್ ತಗೊಳೋಕೆ ಬಂದಿದೀಯಾ ಅಂತ. ಆಮೇಲೆ ಪಿಜಿ ಡಾಕ್ಟರ್ ಬಂದು ಆ ಡೋಸ್ ಬೇಡ ಅಂತ ಬರೆದ್ರು. ಆದ್ರೂ ಮನಸ್ಸಲ್ಲಿ ಕೊರೀತಿದೆ, ನಾನು ಲಿಮಿಟ್ ಮೀರಿದ್ನಾ? ಕ್ಲಾಸಲ್ಲಿ ಕ್ಲಿನಿಕಲ್ ಜಡ್ಜ್‌ಮೆಂಟ್ ಅಂತ ಪುಟಗಟ್ಟಲೆ ನೋಟ್ಸ್ ಕೊಡ್ತಾರೆ, ವಾರ್ಡಲ್ಲಿ ಅದನ್ನ ಮಾಡೋದು ಹೇಗೆ ಅಂತ ಯಾರೂ ಹೇಳಲ್ಲ.

ನೈಟ್‌ಡ್ಯೂಟಿ_ಅಕ್ಕ:
ನೀನು ಮಾಡಿದ್ದೇ ಅದು ಕಣಮ್ಮ. 92 ನಾರ್ಮಲ್ ಅನ್ನೋದು ನಿಜ, ಆದ್ರೆ ಅದು ಆ ಕ್ಷಣದ ನಂಬರು. ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರು ಮಾಡುತ್ತೆ, ಎರಡರಿಂದ ನಾಲ್ಕು ಗಂಟೆಗೆ ಪೀಕ್, ಆರೆಂಟು ಗಂಟೆ ತನಕ ಎಳೆಯುತ್ತೆ. ಹೊಟ್ಟೆಗೆ ಏನೂ ಬಿದ್ದಿಲ್ಲ, ಕಿಡ್ನಿ ವೀಕು ಅಂದ್ರೆ ಇನ್ಸುಲಿನ್ ದೇಹದಿಂದ ಹೋಗೋದೂ ನಿಧಾನ, ಹಂಗಿರೋವಾಗ ಹತ್ತು ಗಂಟೆ ಹೊತ್ತಿಗೆ ಆ ಅಜ್ಜನ ಶುಗರ್ ಎಷ್ಟಿರುತ್ತೆ ಅಂತ ಯೋಚಿಸು. ಇನ್ನೊಂದು, ಅವರ ಮಾತ್ರೆ ಲಿಸ್ಟ್ ನೋಡು, ಪ್ರೊಪ್ರನೊಲಾಲ್ ಮೆಟೊಪ್ರೊಲಾಲ್ ಥರದ ಬಿಪಿ, ಹಾರ್ಟ್ ಮಾತ್ರೆ ಏನಾದ್ರೂ ಇದ್ರೆ ಶುಗರ್ ಇಳಿದಾಗ ಕೈ ನಡುಕ, ಎದೆ ಡವಡವ ಗೊತ್ತಾಗ್ದೇ ಇರಬಹುದು, ಬೆವರು ಮಾತ್ರ ಬರುತ್ತೆ. ಅಜ್ಜ ಸುಮ್ನೆ ಮಲಗಿದಾರೆ ಅಂತ ಬಿಟ್ಬಿಡೋದು ಆವಾಗ್ಲೇ.
70ಕ್ಕಿಂತ ಕೆಳಗೆ ಬಂದು ಎಚ್ಚರ ಇದ್ರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ 15 ನಿಮಿಷಕ್ಕೆ ಮತ್ತೆ ಚೆಕ್. ಮಂಪರು ಇದ್ರೆ ಬಾಯಿಗೆ ಒಂದು ಹನಿನೂ ಹಾಕ್ಬೇಡ, ಶ್ವಾಸಕೋಶಕ್ಕೆ ಹೋಗುತ್ತೆ, ಕೂಗಿ ಸಿಸ್ಟರನ್ನೂ ಡಾಕ್ಟರನ್ನೂ ಕರಿ, ಐವಿ ಡೆಕ್ಸ್ಟ್ರೋಸ್ (ನರಕ್ಕೆ ಹಾಕೋ ಗ್ಲೂಕೋಸ್) ಬೇಕಾಗುತ್ತೆ.

ಹುಬ್ಬಳ್ಳಿ_ಟ್ಯೂಟರ್:
ಮ್ಯಾಲಿನವ್ರು ಹೇಳಿದ್ದು ಖರೆ ಐತಿ, ಆದ್ರ ನಾ ಒಂದು ತಕರಾರು ತೆಗಿತೀನ್ರಿ. ಇದನ್ನ ಓದಿ ನಾಳೆ ಎಲ್ಲಾ ಸ್ಟೂಡೆಂಟ್ಸು "ಊಟ ಮಾಡಿಲ್ಲ, ಇನ್ಸುಲಿನ್ ಹೋಲ್ಡ್ (ತಡೀರಿ)" ಅಂತ ಶುರು ಮಾಡಿದ್ರ ಕೆಟ್ಟೀತು. ಟೈಪ್ 1 ಹುಡುಗ ಒಬ್ಬ ಇದ್ದಾನಂತ ತಿಳ್ಕೋರಿ, ಆಪರೇಷನ್‌ಗೆ ಅಂತ ಎನ್‌ಪಿಒ, ಅಂದ್ರ ಬಾಯಿಗೆ ಏನೂ ಕೊಡದಂಗ ಇಟ್ಟಾರ, ರಾತ್ರಿ ಗ್ಲಾರ್ಜಿನ್ ಅನ್ನೋ ದಿನವಿಡೀ ಕೆಲಸ ಮಾಡೋ ಇನ್ಸುಲಿನ್ ಹಾಕೋದು ಐತಿ. ಉಣ್ಣಂಗಿಲ್ಲಲ್ಲ ಅಂತ ಅದನ್ನ ಬಿಟ್ರ ಕೀಟೋನ್ ಏರಿ ಡಿಕೆಎ, ಅಂದ್ರ ರಕ್ತ ಆಮ್ಲ ಆಗಿ ಜೀವಕ್ಕ ಅಪಾಯ ಆಗ್ತೈತಿ. ಗ್ಲಾರ್ಜಿನ್ ಊಟದ ಇನ್ಸುಲಿನ್ ಅಲ್ಲ, ಟೈಪ್ 1 ಇದ್ದವ್ರಿಗೆ ಅದು ಉಪವಾಸ ಇದ್ರೂ ಬೇಕು, ಡೋಸ್ ಸ್ವಲ್ಪ ಕಡಿಮಿ ಮಾಡೋದೋ ಡೆಕ್ಸ್ಟ್ರೋಸ್ ಡ್ರಿಪ್ ಹಚ್ಚೋದೋ ಡಾಕ್ಟರ್ ನೋಡ್ತಾರ. ಅದಕ್ಕ ಯಾವ ಇನ್ಸುಲಿನ್, ಯಾವ ಟೈಪು, ಎರಡೂ ನೋಡದ ಬಾಯಿ ತೆಗಿಬ್ಯಾಡ್ರಿ.
ಮತ್ತ ಹೋಲ್ಡ್ ಮಾಡೋ ಅಧಿಕಾರ ಸ್ಟೂಡೆಂಟ್‌ಗಿಲ್ಲ. ತಡದು ಕೇಳೋದು ಬ್ಯಾರೆ, ಹಾಕದ ಸುಮ್ನ ಕೂಡೋದು ಬ್ಯಾರೆ. ಈ ಹುಡುಗಿ ಕೇಳ್ಯಾಳ, ಅಲ್ಲಿಗೆ ಆಕಿ ಪಾಸು. ಚಾರ್ಟ್‌ನ್ಯಾಗ ಟೈಮು, ಜಿಆರ್‌ಬಿಎಸ್, ಯಾರಿಗೆ ತಿಳಿಸ್ದಿ, ಏನಂದ್ರು, ಇಷ್ಟೂ ಬರದ್ಯಾ ಇಲ್ಲೋ ಅದನ್ನ ಹೇಳವಾ.

ಉಡುಪಿ_ಟು_ಡಬ್ಲಿನ್:
ಆ ಸಿಸ್ಟರ್‌ಗೆ ಒಬ್ಬರೇ ಎಷ್ಟು ಬೆಡ್ ನೋಡ್ಲಿಕ್ಕೆ ಇತ್ತೋ ಏನೋ, ಬೈದದ್ದನ್ನು ತಲೆಗೆ ಹಚ್ಕೊಳ್ಬೇಡ ಮಾರಾಯ್ತಿ. ನೀನು ಹೇಳಿದ ರೀತಿ ಸ್ವಲ್ಪ ಬದಲಾಯಿಸಿದ್ರೆ ಅವರೂ ಕೇಳ್ತಿದ್ರು ಅಂತ ನನಗೆ ಅನ್ನಿಸ್ತದೆ. "ಅಜ್ಜ ತಿಂದಿಲ್ಲ ಸಿಸ್ಟರ್, ಏನ್ಮಾಡ್ಲಿ" ಅಂದ್ರೆ ಬ್ಯುಸಿ ಇರುವವರ ಕಿವಿಗೆ ಅದು ಬೀಳುದಿಲ್ಲ. ಎಸ್‌ಬಾರ್ ಅಂತ ಓದಿದ್ದೀರಲ್ಲ, ಈಗಿನ ಪರಿಸ್ಥಿತಿ, ಹಿನ್ನೆಲೆ, ನಿನ್ನ ಅಂದಾಜು, ಏನು ಮಾಡ್ಬೇಕು ಅಂತ ಕ್ರಮವಾಗಿ ಹೇಳುವ ರೀತಿ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ನವರಿಂದ ಆಸ್ಪತ್ರೆಗೆ ಬಂದದ್ದು, ಇಲ್ಲಿ ಐರ್ಲೆಂಡಲ್ಲಿ ಮುಂದೆ ಒಂದು ಐ ಸೇರಿಸ್ತಾರೆ, ಮೊದಲು ನೀನು ಯಾರು ಅಂತ ಹೇಳ್ಬೇಕು. ಹೀಗೆ ಹೇಳ್ಬಹುದಿತ್ತು ನೋಡು: "ಸಿಸ್ಟರ್, ಥರ್ಡ್ ಇಯರ್ ಸ್ಟೂಡೆಂಟ್, 6ನೇ ಬೆಡ್ ಅಜ್ಜನ ಜಿಆರ್‌ಬಿಎಸ್ 92, ರೆಗ್ಯುಲರ್ 10 ಯೂನಿಟ್ ಡ್ಯೂ ಇದೆ. ಕ್ರಿಯಾಟಿನಿನ್ ಜಾಸ್ತಿ, ನಿನ್ನೆ ರಾತ್ರಿಯಿಂದ ಸರಿಯಾಗಿ ತಿಂದಿಲ್ಲ, ಈಗ ವಾಕರಿಕೆ. ಈ ಡೋಸ್ ಕೊಟ್ರೆ ಶುಗರ್ ತುಂಬಾ ಇಳಿದು ಹೈಪೋ ಆಗ್ಬಹುದು ಅಂತ ಭಯ. ಡಾಕ್ಟರ್ ಹೇಳುವ ತನಕ ಕಾದು ಒಂದು ಗಂಟೆಗೆ ಮತ್ತೆ ಚೆಕ್ ಮಾಡ್ಲಾ?" ಕೊನೆಯ ಸಾಲು ಮುಖ್ಯ, ಏನು ಬೇಕು ಅಂತ ನೀನೇ ಕೇಳ್ಬೇಕು.

ಥರ್ಡ್‌ಇಯರ್_ಹಾಸನ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಟ್ಯೂಟರ್ ಸರ್, ಬರೆದಿದೀನಿ, ಸಿಸ್ಟರ್ ಸೈನ್ ಕೂಡ ಮಾಡಿದ್ರು 🙂 ಇನ್ನೊಂದು ಡೌಟು, ನಮ್ಮ ಟ್ರೇನಲ್ಲಿ ಕೆಂಪು ಕ್ಯಾಪ್ ಸಿರಿಂಜು ಆರೆಂಜ್ ಕ್ಯಾಪ್ ಸಿರಿಂಜು ಎರಡೂ ಕಲಸಿ ಬಿದ್ದಿರ್ತವೆ, ಯಾವುದಾದ್ರೂ ನಡೆಯುತ್ತೆ ಅಂತಾರೆ ಫ್ರೆಂಡ್ಸು?

ನೈಟ್‌ಡ್ಯೂಟಿ_ಅಕ್ಕ:
ಅಯ್ಯೋ ಖಂಡಿತ ನಡೆಯಲ್ಲ!! ಕೆಂಪು ಕ್ಯಾಪ್ ಒಂದು ಎಂಎಲ್‌ಗೆ 40 ಐಯು (ಯೂನಿಟ್) ಇರೋ ವೈಲ್‌ಗೆ, ಅಂದ್ರೆ ಇನ್ಸುಲಿನ್ ಬಾಟಲಿಗೆ, ಆರೆಂಜ್ 100 ಐಯುಗೆ. ವಾರ್ಡಲ್ಲಿ ಸಾಮಾನ್ಯವಾಗಿ ಬರೋ ವೈಲ್ 40ದು, ಅದನ್ನ ಆರೆಂಜ್ ಸಿರಿಂಜಲ್ಲಿ 10ರ ಗೆರೆ ತನಕ ಎಳೆದ್ರೆ ಹೋಗೋದು ಬರೀ 4 ಯೂನಿಟ್. ಉಲ್ಟಾ ಆದ್ರೆ, ಅಂದ್ರೆ 100ರ ಇನ್ಸುಲಿನ್‌ನ ಕೆಂಪಲ್ಲಿ 10 ಎಳೆದ್ರೆ, 25 ಯೂನಿಟ್ ಹೋಗುತ್ತೆ. ಪೆನ್ ಕಾರ್ಟ್ರಿಜ್ ಒಳಗಿರೋದು 100, ಅದರಿಂದ ಸಿರಿಂಜಲ್ಲಿ ಎಳೆಯೋ ಸಾಹಸ ಮಾಡ್ಲೇಬೇಡ. ವೈಲ್ ಮೇಲಿನ ನಂಬರ್ ಓದು, ಸಿರಿಂಜ್ ಮೇಲಿನ ನಂಬರ್ ಓದು, ಎರಡೂ ಒಂದೇ ಇರ್ಬೇಕು, ಆಮೇಲೆ ಪಕ್ಕದಲ್ಲಿರೋ ಸಿಸ್ಟರ್‌ಗೆ ತೋರಿಸಿ ಹಾಕು. ಆ ಟ್ರೇನ ಬೇರೆ ಬೇರೆ ಡಬ್ಬಿ ಮಾಡ್ಸೋಕೆ ನಿಮ್ಮ ಇನ್‌ಚಾರ್ಜ್‌ಗೆ ಇವತ್ತೇ ಹೇಳು.