ಚಿಕ್ಕಮಗಳೂರಲ್ಲಿ ಚಿಟ್ಟೆಗೆ ಅಂತ ಯಾವ ಗಿಡ ಹಾಕೋದು?

ನಮ್ ಲೇಔಟ್ ಪಾರ್ಕಲ್ಲಿ ಒಂದು ಮೂಲೆ ಚಿಟ್ಟೆ, ಜೇನಿಗೆ ಅಂತಲೇ ಬಿಡಿಸ್ಕೊಂಡಿದೀವಿ, ನರ್ಸರಿಯವ್ರು ಬರೀ ಬಣ್ಣದ ಹೂವಿನ ಗಿಡ ತೋರಿಸ್ತಾರೆ, ಅಷ್ಟೇ ಸಾಕಾ?

ಮಲ್ನಾಡ್_ಮಳೆ: ಸಾಲಲ್ಲ ಗುರು. ಹೂವು ಊಟಕ್ಕಾಯ್ತು, ಮೊಟ್ಟೆ ಇಡೋಕೆ ಬೇರೆ ಗಿಡ ಬೇಕಲ್ಲ, ಕರಿಬೇವು, ನಿಂಬೆ, ಎಕ್ಕ ಹಾಕಿ. ನಮ್ಮನೆ ಕರಿಬೇವಲ್ಲಿ ಥೇಟ್ ಹಕ್ಕಿ ಹಿಕ್ಕೆ ತರ ಒಂದು ಹುಳ ಕೂತಿತ್ತು, ಅಮ್ಮ ಕಿತ್ತೆಸೆಯೋಕೆ ಹೋಗಿದ್ರು, ತಡೆದೆ, ಬೆಳೀತಾ ಹಸಿರಾಗಿ ಕೋಶ ಕಟ್ತು.

ತೋಟದ್_ಹುಡ್ಗ: ಈಶ್ವರಿ ಬಳ್ಳಿ ಮರೀಬೇಡಿ, ನಮ್ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡೋದು ಆ ಜಾತಿ ಬಳ್ಳೀಲೇ, ಬಣ್ಣನೂ ಬಾವುಟದ ಹಳದಿ ಕೆಂಪು. ಹುಳದ ಔಷಧಿ ಮಾತ್ರ ಹೊಡೀಬೇಡಿ, ಜೇನೂ ಸಾಯತ್ತೆ, ರೊಬಸ್ಟಾ ಕಾಫಿ ಕಾಯಿ ಕಟ್ಟೋಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಜೊತೆ ಜೇನೂ ಅದನ್ನ ಹೊರತ್ತೆ.

ಕೇಳಿದವ್ನು: ಕಳೆ ಅಂತ ಎಕ್ಕ ಕಿತ್ತಿದ್ದು ನಾವೇ 😅